ಏರಿನಲ್ಲಿ ನಿಂತ ಲಾರಿ

ಘಟಪ್ರಭೆಯ ದಂಡೆಯಲ್ಲಿ, ಹಳೆಯ ಸೇತುವೆಯ ಈಚೆ ಬದಿಗೆ ಒಂದು ತಗಡಿನ ಶೆಡ್ಡು. ಅಲ್ಲಿ ವಿಮಲಾ ಬಡಿಗೇರ ಎಂಬವರು ಲಾರಿ ಎಂಜಿನ್‌ಗಳ ಕಂಪ್ಯೂಟರ್ ತಿದ್ದುತ್ತಿದ್ದರು. ಕಲಿಯಬೇಕೆಂದು ಬಂದವರಿಗೆ ಕಲಿಸುತ್ತಲೂ ಇದ್ದರು.

ಹಾಗೆ ಬಂದವರಲ್ಲಿ ಸಿದರಾಯನೂ ಒಬ್ಬ. ವಯಸ್ಸಿನಲ್ಲಿ ಗುರುವಿಗಿಂತ ಹಿರಿಯ. ಮೀಸೆ ನರೆತಿತ್ತು.

ಹಳೆಯ ಕಾಲದ ಎಂಜಿನ್ ಎಂದರೆ ಸಿದರಾಯನದು ಎತ್ತಿದ ಕೈ. ಡೀಸೆಲ್ ಪಂಪಿನ ಸ್ಕ್ರೂ ಒಂಚೂರು ತಿರುವಿ, ಹೊಗೆಯ ಬಣ್ಣ ನೋಡಿ, ಸದ್ದಿಗೆ ಕಿವಿಗೊಟ್ಟು, "ಆತು, ಹೋಗು" ಅನ್ನುತ್ತಿದ್ದ. ಲಾರಿ ಹೋಗುತ್ತಿತ್ತು.

ಆಮೇಲೆ ಬಂದ ಲಾರಿಗಳಲ್ಲಿ ಆ ಸ್ಕ್ರೂ ಇರಲಿಲ್ಲ. ಎಷ್ಟು ಡೀಸೆಲ್ ಬಿಡಬೇಕು ಎಂಬುದನ್ನು ಒಂದು ಸಣ್ಣ ಪೆಟ್ಟಿಗೆ ತಾನೇ ನಿರ್ಧರಿಸುತ್ತಿತ್ತು. ಸಿದರಾಯನ ಗ್ಯಾರೇಜಿಗೆ ಬರುವವರು ಕಡಿಮೆಯಾದರು. ಅವನು ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ, ನದಿ ದಂಡೆಗೆ ಬಂದ.

ಬಂದವನೇ ಕೇಳಿದ. "ಅಕ್ಕಾರ, ಒಂದ ಮಾತು ಹೇಳಿಬಿಡ್ರಿ. ಡೀಸೆಲ್ ಎಷ್ಟಿದ್ರ ಗಾಳಿ ಎಷ್ಟಿರಬೇಕು?"

"ಯಾವಾಗ?" ಎಂದರು ವಿಮಲಕ್ಕ.

"ಯಾವಾಗಂದ್ರ... ಲಾರಿ ಓಡುವಾಗ."

"ಎಲ್ಲಿ ಓಡುವಾಗ?"

"ರಸ್ತಾದಾಗ ರೀ."

"ಯಾವ ರಸ್ತಾ?"

ಸಿದರಾಯ ಕೇಳಿದ್ದು ಒಂದು ಪ್ರಶ್ನೆ, ತಿರುಗಿ ಬಂದದ್ದು ಮೂರು. ಇವರಿಗೆ ಹೇಳಲು ಮನಸ್ಸಿಲ್ಲವೋ, ತನಗೆ ಕೇಳಲು ಬರಲಿಲ್ಲವೋ ಅವನಿಗೆ ತಿಳಿಯಲಿಲ್ಲ.

ಮರುದಿನ ವಿಮಲಕ್ಕ ಒಂದು ಲಾರಿಗೆ ಲ್ಯಾಪ್‌ಟಾಪ್ ಜೋಡಿಸಿ ತೋರಿಸಿದರು. ಪರದೆಯ ತುಂಬ ಕೌದಿಯ ತುಂಡುಗಳ ಹಾಗೆ ಚೌಕ, ಚೌಕ, ಚೌಕ. ಒಂದೊಂದರಲ್ಲೂ ಒಂದೊಂದು ಅಂಕಿ. ಎಂಜಿನ್ ಇಷ್ಟು ಜೋರಾಗಿ ತಿರುಗುವಾಗ, ಗಾಳಿ ಇಷ್ಟು ಒಳಗೆ ಬರುವಾಗ, ಡೀಸೆಲ್ ಇಷ್ಟು ಎಂದು ಆ ಅಂಕಿಗಳು ಹೇಳುತ್ತಿದ್ದವು.

"ಇದರಾಗ ಖರೇದ್ದು ಯಾವುದ್ರಿ?"

"ಎಲ್ಲಾ ಖರೇನ."

"ಅದ್ಹೆಂಗ್ರಿ? ಒಂದರಂಗ ಒಂದಿಲ್ಲ."

"ಹೌದು. ಇಲ್ಲ." ವಿಮಲಕ್ಕ ಚಹಾಕ್ಕೆ ನೀರಿಡಲು ಎದ್ದು ಹೋದರು.

ಸಿದರಾಯ ಆ ಚೌಕಗಳನ್ನು ನೋಡುತ್ತಲೇ ಕುಳಿತ. ಸ್ಕ್ರೂ ಒಂದಿದ್ದಾಗ ಎಲ್ಲ ತಿಳಿಯುತ್ತಿತ್ತು. ಈಗ ಸ್ಕ್ರೂಗಳು ನೂರಾರು, ಕೈಗೆ ಮಾತ್ರ ಒಂದೂ ಸಿಗುತ್ತಿಲ್ಲ ಎನ್ನಿಸಿತು.

ದಿನ ಕಳೆದವು. ಪೆಟ್ಟಿಗೆಯೊಳಗಿನ ಫೈಲ್ ತೆಗೆಯುವುದು ಬಂತು. ಅಂಕಿ ಬದಲಿಸುವುದು ಬಂತು. ಬದಲಿಸಿದ್ದನ್ನು ಮತ್ತೆ ಪೆಟ್ಟಿಗೆಗೆ ತುಂಬುವುದೂ ಬಂತು. ಬೆರಳಿಗೆ ಎಲ್ಲ ಬಂತು, ತಲೆಗೆ ಯಾವುದೂ ಹತ್ತಲಿಲ್ಲ.

ಒಂದು ಬೆಳಿಗ್ಗೆ ವಿಮಲಕ್ಕ ಪೇಟೆಗೆ ಹೋಗಿದ್ದರು. ದಸ್ತಗೀರ ತನ್ನ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಅವನದು ಸ್ವಂತ ಲಾರಿ, ತಾನೇ ಡ್ರೈವರ್. ಕಲ್ಲಿನ ಚಪ್ಪಡಿ ಹೇರಿಕೊಂಡು ಗುಡ್ಡದಾಚೆಯ ಊರುಗಳಿಗೆ ಒಯ್ಯುವುದು ಅವನ ಕೆಲಸ.

"ಮಿಸ್ತ್ರಿ, ಗಾಡಿ ಏರು ಎಳೀವಲ್ದು," ಎಂದ. "ಬಯಲಾಗ ಕುದುರಿ ಹಂಗ ಹೋಗತೈತಿ. ಗುಡ್ಡ ಬಂತಂದ್ರ ಮುದುಕನಂಗ ಕುಂದರತೈತಿ. ಇವತ್ತ ಲೋಡ್ ಮುಟ್ಟಿಸಬೇಕು."

"ಅಕ್ಕಾರು ಬರ್ಲಿ, ತಡೀರಿ."

"ಅವರು ಬರೂತನಕ ಹೊತ್ತು ಏರತೈತಿ. ನೀವೇನು ನಿನ್ನೆ ಮೊನ್ನಿ ನಟ್ ಬಿಚ್ಚೂ ಪಾನಾ ಹಿಡದವರಾ?"

ಆ ಮಾತು ಸಿದರಾಯನಿಗೆ ತಾಗಿತು. ಲ್ಯಾಪ್‌ಟಾಪ್ ಜೋಡಿಸಿದ. ಲಾರಿಯನ್ನು ಹತ್ತಿರದ ಏರಿನವರೆಗೆ ಓಡಿಸಿ ನೋಡಿದ. ಎಂಜಿನ್ನಿಗೆ ಭಾರ ಬಿದ್ದ ಕೂಡಲೇ ಕಂಪ್ಯೂಟರ್ ಡೀಸೆಲ್ ಬಿಗಿ ಹಿಡಿಯುತ್ತಿತ್ತು. ಇಷ್ಟಕ್ಕಿಂತ ಹೆಚ್ಚು ಬಿಡುವುದಿಲ್ಲ ಎಂದು ಒಂದು ಸಾಲು ಚೌಕಗಳು ತಡೆಯುತ್ತಿದ್ದವು.

ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಒಂದು ಸಂಗತಿ ಅವನಿಗೆ ಸ್ಪಷ್ಟವಾಗಿ ಕಂಡಿತು. ಹೊಟ್ಟೆಗೆ ಹಾಕದೆ ದುಡಿ ಎಂದರೆ ಯಾರು ದುಡಿಯುತ್ತಾರೆ? ಅವನು ಆ ಸಾಲಿನ ಅಂಕಿಗಳನ್ನೆಲ್ಲ ಏರಿಸಿದ. ಪೆಟ್ಟಿಗೆಗೆ ತುಂಬಿದ.

ದಸ್ತಗೀರ ಒಂದು ಸುತ್ತು ಹೋಗಿ ಬಂದ. ಮುಖ ಅರಳಿತ್ತು. "ಕೈಯಾಗ ಜಾದೂ ಐತಿ ಮಿಸ್ತ್ರಿ," ಎಂದು ಹೇಳಿ ಲೋಡ್ ಹೇರಲು ಹೊರಟುಹೋದ.

ಮಧ್ಯಾಹ್ನ ವಿಮಲಕ್ಕ ಬಂದಾಗ ಸಿದರಾಯ ಎಲ್ಲ ಹೇಳಿದ. ಶಹಬ್ಬಾಸ್ ಎನ್ನುತ್ತಾರೆಂದು ಕಾದ.

"ಕಂಪ್ಯೂಟರ್ ಡೀಸೆಲ್ ಯಾಕ ಹಿಡಕೊಂಡಿತ್ತು?" ಎಂದರು.

"ಜಿಪುಣತನ ರೀ. ಕಂಪನಿಯವರು ಉಳಿತಾಯಕ್ಕಂತ ಹಂಗ ಮಾಡಿರತಾರ."

"ಹಂಗಂತ ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ನಾನ ಕಂಡೆ."

ವಿಮಲಕ್ಕ ಕೈಯಲ್ಲಿದ್ದ ಸಾಮಾನಿನ ಚೀಲ ಕೆಳಗಿಟ್ಟರು. ದಸ್ತಗೀರನಿಗೆ ಫೋನ್ ಮಾಡಿದರು. ಅವನು ಎತ್ತಲಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಜೀಪಿನತ್ತ ನಡೆದರು. "ಹತ್ರಿ," ಎಂದರು.

ಗುಡ್ಡದ ಬುಡದಲ್ಲೇ ವಾಸನೆ ಬಂತು. ಅರ್ಧ ಏರಿನಲ್ಲಿ ಲಾರಿ ನಿಂತಿತ್ತು. ಹಿಂದಿನ ಗಾಲಿಗಳಿಗೆ ಯಾರೋ ಕಲ್ಲು ಕೊಟ್ಟಿದ್ದರು. ಹೊಗೆಕೊಳವೆಯ ಸುತ್ತಲಿನ ಬಣ್ಣವೆಲ್ಲ ಕರಿಹಿಡಿದಿತ್ತು.

ಲಾರಿಯ ಹಿಂದೆ ಒಂದು ಟಂಟಂ ಆಟೋ ರಸ್ತೆ ಬಿಟ್ಟು ಚರಂಡಿಗೆ ಇಳಿದು ವಾಲಿಕೊಂಡಿತ್ತು. ಅದರಲ್ಲಿ ಹೊಲದ ಕೆಲಸಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ರಸ್ತೆಯ ಬದಿಯಲ್ಲಿ ಕುಳಿತಿದ್ದರು. ಒಬ್ಬಾಕೆಯ ಮೊಣಕೈ ತರಚಿತ್ತು. ಬುತ್ತಿ ಬಿಚ್ಚಿಹೋಗಿ ರೊಟ್ಟಿಗಳು ಮಣ್ಣಿನಲ್ಲಿ ಬಿದ್ದಿದ್ದವು.

ದಸ್ತಗೀರನ ತುಟಿ ಒಣಗಿತ್ತು. "ಕರೀ ಹೊಗಿ ಬಂತು ಅಕ್ಕಾರ. ಆಮ್ಯಾಲೆ ಕಾವು ಏರಿತು. ಗೇರ್ ಹಾಕೂದ್ರಾಗ ಎಂಜಿನ್ ಬಂದ್ ಆತು, ಗಾಡಿ ಹಿಂದ ಸರೀತು. ಬ್ರೇಕ್ ಹಿಡೀತು, ಹಿಡೀಲಿಲ್ಲ ಅಂದಿದ್ರ..." ಅವನು ಆ ಹೆಣ್ಣುಮಕ್ಕಳ ಕಡೆ ನೋಡಿದ.

ಮೊಣಕೈ ತರಚಿದಾಕೆ ಸಿದರಾಯನನ್ನು ನೋಡಿ, "ಅಣ್ಣಾ, ನೀರಿದ್ರ ಕೊಡ," ಎಂದಳು. ಅವನು ಜೀಪಿನಿಂದ ಬಾಟಲಿ ತಂದುಕೊಟ್ಟ.

ಆಕೆ ಕುಡಿದು, ಗಾಯ ತೊಳೆದುಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು.

ಆ ಮಾತನ್ನು ಎಲ್ಲಿಟ್ಟುಕೊಳ್ಳಬೇಕೋ ಸಿದರಾಯನಿಗೆ ತಿಳಿಯಲಿಲ್ಲ. ಆಕೆಗೆ ನಿಜ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಟಂಟಂ ಎತ್ತಲು ಜನ ಕರೆದರು. ಹೋಗಿ ಹೆಗಲು ಕೊಟ್ಟ.

ಎಂಜಿನ್ ಆರುವವರೆಗೆ ವಿಮಲಕ್ಕ ಕಾದರು. ಆಮೇಲೆ ಎಂಜಿನ್ನಿನ ಬದಿಯ ಮುಚ್ಚಳ ತೆಗೆಸಿದರು. ಸಿದರಾಯ ಏರಿಸಿದ್ದ ಅಂಕಿಗಳನ್ನು ಅಳಿಸಿ ಮೊದಲಿದ್ದ ಫೈಲನ್ನೇ ತುಂಬಿದರು. ಎಂಜಿನ್ ಚಾಲೂ ಮಾಡಿ ರೇಸ್ ಕೊಡಲು ದಸ್ತಗೀರನಿಗೆ ಹೇಳಿದರು.

"ಸಿದರಾಯಣ್ಣ, ಈ ಪೈಪಿನ ಬುಡಕ್ಕ ಅಂಗೈ ಹಿಡೀರಿ."

ಅದು ಟರ್ಬೊದಿಂದ ಬರುವ ರಬ್ಬರ್ ಪೈಪು. ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುವುದು ಟರ್ಬೊದ ಕೆಲಸ. ಮೇಲಿನಿಂದ ಹೊಸದರಂತೆ ಕಾಣುತ್ತಿತ್ತು. ಸಿದರಾಯ ಕೆಳಗೆ ಅಂಗೈ ಹಿಡಿದ. ರೇಸ್ ಏರಿದಂತೆ ಗಾಳಿ ಅವನ ಅಂಗೈಗೆ ರಪ್ಪನೆ ಬಡಿಯಿತು.

ಪೈಪು ಕೆಳಭಾಗದಲ್ಲಿ ಸೀಳಿತ್ತು. ಭಾರ ಬಿದ್ದಾಗಲೆಲ್ಲ ಆ ಸೀಳು ಬಾಯಿ ಬಿಡುತ್ತಿತ್ತು. ಎಂಜಿನ್ನಿಗೆ ಹೋಗಬೇಕಾದ ಗಾಳಿ ಹೊರಗೆ ಹೋಗುತ್ತಿತ್ತು. ಗಾಳಿ ಇಲ್ಲದಲ್ಲಿ ಡೀಸೆಲ್ ಪೂರ್ತಿ ಉರಿಯದು, ಬರೀ ಹೊಗೆ ಮತ್ತು ಕಾವು ಎಂದು ಕಂಪ್ಯೂಟರ್ ಕೈ ಬಿಗಿ ಹಿಡಿದಿತ್ತು. ಆ ಕೈಯನ್ನು ಸಿದರಾಯ ಬಿಡಿಸಿದ್ದ.

ಹೊಸ ಪೈಪು ತರಿಸಿ ಹಾಕಿದರು. ಲಾರಿ ಅದೇ ಫೈಲಿನಲ್ಲಿ, ಅದೇ ಲೋಡಿನಲ್ಲಿ, ಹೊಗೆಯಿಲ್ಲದೆ ಗುಡ್ಡ ಹತ್ತಿತು.

ಹಿಂದಿರುಗುವಾಗ ಸಿದರಾಯನೇ ಮಾತು ತೆಗೆದ. "ಬೈರಿ ಅಕ್ಕಾರ."

"ಬೈದ್ರ ಗಾಳಿ ಹೆಚ್ಚಾಗತೈತೇನು?"

ಅಂದಿನಿಂದ ಸಿದರಾಯ ಬೇರೆ ಮನುಷ್ಯನಾದ. ಕಂಪ್ಯೂಟರ್ ಹೇಳಿದ್ದೇ ವೇದವಾಯಿತು. ಗಾಳಿ ಕಡಿಮೆ ಎಂದು ಅದು ತೋರಿಸಿದರೆ, ಕಡಿಮೆಯೇ. ಇನ್ನು ತನ್ನ ತಲೆ ಓಡಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಗೊಂದಲ ಹರಿಯಿತು ಎಂದುಕೊಂಡ.

ಸ್ವಲ್ಪ ದಿನಕ್ಕೆ ಈರುಳ್ಳಿ ಸಾಗಿಸುವ ಒಂದು ಲಾರಿ ಬಂತು. ಅದೂ ಏರು ಎಳೆಯುತ್ತಿರಲಿಲ್ಲ. ಪರದೆಯ ಮೇಲೆ ಅದೇ ಮಾತು, ಗಾಳಿ ಕಡಿಮೆ.

"ಪೈಪ್ ಸೀಳೈತಿ," ಎಂದ ಸಿದರಾಯ. ವಿಮಲಕ್ಕ ಬೇಡ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ಅವನು ಪೈಪಿನ ಉದ್ದಕ್ಕೂ ಅಂಗೈ ಆಡಿಸಿದ. ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೇನೋ ನೋಡಿದ. ಪ್ರತಿ ಕ್ಲಿಪ್ಪನ್ನೂ ಬಿಚ್ಚಿ ಕಟ್ಟಿದ. ಟರ್ಬೊ ಇಳಿಸಿ ಏರಿಸಿದ. ಹೊತ್ತು ಇಳಿಯಿತು. ಈರುಳ್ಳಿ ಬಿಸಿಲಿಗೆ ಬೆವರತೊಡಗಿ ಡ್ರೈವರ್ ಚಡಪಡಿಸಿದ. ಗಾಳಿ ಎಲ್ಲೂ ಸೋರುತ್ತಿರಲಿಲ್ಲ.

"ಸೀಳು ಇಲ್ಲ ಅಂದ್ರ ಹೆಂಗ?" ಸಿದರಾಯ ತನಗೆ ತಾನೇ ಅಂದುಕೊಂಡ. "ಕಂಪ್ಯೂಟರ್ ಗಾಳಿ ಕಡಿಮಿ ಐತಿ ಅನ್ನಾಕತ್ತೈತಲ್ಲ."

ವಿಮಲಕ್ಕ ಎದ್ದು ಬಂದರು. ಗಾಳಿ ಅಳೆಯುವ ಬೆರಳುದ್ದದ ಸೆನ್ಸರನ್ನು ಬಿಚ್ಚಿ ಅವನ ಕೈಗಿಟ್ಟರು. ಅದರ ಬಾಯಿಗೆ ಎಣ್ಣೆಮಸಿ ಗಟ್ಟಿಯಾಗಿ ಮೆತ್ತಿತ್ತು. ಗಾಳಿ ತುಂಬಿ ಬರುತ್ತಿದ್ದರೂ ಅದಕ್ಕೆ ತಾಗುತ್ತಿರಲಿಲ್ಲ. ಅದು ಇಲ್ಲ ಎಂದಿತು, ಕಂಪ್ಯೂಟರ್ ನಂಬಿತು, ಸಿದರಾಯನೂ ನಂಬಿದ.

ತೊಳೆದು ಹಾಕಿದ ಮೇಲೆ ಈರುಳ್ಳಿ ಲಾರಿ ಹೊರಟುಹೋಯಿತು.

ಸಿದರಾಯ ಅಲ್ಲೇ ಕುಕ್ಕರಿಸಿದ. "ಅಕ್ಕಾರ, ಅವತ್ತ ಕಂಪ್ಯೂಟರ್ ಖರೆ ಅಂದ್ರಿ. ಇವತ್ತ ಸುಳ್ಳ ಅಂತೀರಿ."

"ನಾ ಎರಡೂ ಅಂದಿಲ್ಲ."

"ಹೌದು. ನೀವೇನೂ ಅನ್ನೂದ ಇಲ್ಲ," ಎಂದ. ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಯಾರ ಮೇಲೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಿಮಲಕ್ಕ ನದಿಯ ಮೆಟ್ಟಿಲ ಮೇಲೆ ಕುಳಿತು ಬಟ್ಟೆ ಹಿಂಡುತ್ತಿದ್ದರು. ಸಿದರಾಯ ಬಂದು ಎರಡು ಮೆಟ್ಟಿಲು ಮೇಲೆ ನಿಂತ. ಹೆಗಲಿಗೆ ಚೀಲವಿತ್ತು.

"ಹೊಂಟೇನ್ರಿ."

"ಎಲ್ಲಿಗೆ?"

"ಊರಿಗೆ." ಅವನು ನೀರನ್ನು ನೋಡುತ್ತ ನಿಂತ. "ಕಿವಿ ನಂಬಿ ಬಂದಾಂವ ನಾನು. ಅದು ಸಾಲೂದಿಲ್ಲ ಅಂತ ಆತು. ನನ್ನ ತಲಿ ನಂಬಿ ಅಂಕಿ ಏರಿಸಿದೆ. ಜನರ ಜೀವಕ್ಕ ಬಂತು. ಕಂಪ್ಯೂಟರ್ ನಂಬಿದೆ. ಅದರ ಕಣ್ಣಾಗ ಮಸಿ ಐತಿ. ಇನ್ನ ನಿಮ್ಮನ್ನ ನಂಬೋಣ ಅಂದ್ರ ನೀವು ಬಾಯಿ ಬಿಡೂದಿಲ್ಲ."

ವಿಮಲಕ್ಕ ಹಿಂಡುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದರು.

"ಆ ಹೆಣ್ಮಗಳ ಮೊಣಕೈ ಕಣ್ಣ ಮುಂದಿಂದ ಸರೀವಲ್ದು ಅಕ್ಕಾರ. ಇನ್ನ ಒಂದು ಅಂಕಿ ಮುಟ್ಟಬೇಕಂದ್ರ ಧೈರ್ಯ ಬರವಲ್ದು. ಯಾವ ಲಾರಿ ಬಂದ್ರೂ ಅದಕ್ಕೇನಾಗೈತಿ ಅಂತ ನನಗ ಗೊತ್ತಿಲ್ಲ. ಬರುವಾಗ ಎಲ್ಲಾ ಗೊತ್ತಿತ್ತು. ಈಗ ಖರೇನ ಏನೂ ಗೊತ್ತಿಲ್ಲ."

ಮೇಲೆ ಶೆಡ್ಡಿನ ಮುಂದೆ ಯಾವುದೋ ಲಾರಿ ಬಂದು ನಿಂತ ಸದ್ದಾಯಿತು. ಹಾರ್ನ್ ಒಮ್ಮೆ ಕೂಗಿ ಸುಮ್ಮನಾಯಿತು.

ಸಿದರಾಯ ಅತ್ತ ನೋಡಿದ. ಮತ್ತೆ ಗುರುವಿನ ಮುಖ ನೋಡಿದ.

ವಿಮಲಕ್ಕ ಒದ್ದೆ ಸೀರೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಹಂಗಾರ ಆ ಲಾರಿ ನೀವೊಬ್ರ ನೋಡ್ರಿ," ಎಂದರು. "ಗೊತ್ತಿಲ್ಲ ಅನ್ನಾಂವ ಕೇಳಿ, ನೋಡಿ ಆಮ್ಯಾಲೆ ಮುಟ್ಟತಾನ. ನಾ ಬರೂದಿಲ್ಲ."