ತಿಪ್ಪಮ್ಮನ ಗಿರಕಿ

ರಾಯಚೂರು ಸೀಮೆಯಲ್ಲಿ ಕೃಷ್ಣೆ ಗಡಿಯಾಗಿ ಹರಿಯುವ ಒಂದು ಕಡೆ, ಬೇಸಿಗೆಗೆ ನೀರು ತಗ್ಗಿದಾಗ ಒಂಬತ್ತು ಗಡಿಕಲ್ಲುಗಳು ಬಳೆಯ ಹಾಗೆ ದುಂಡಗೆ ಹೊಳೆಯ ನಡುವೆ ತಲೆ ಎತ್ತುತ್ತವೆ. ಗಡಿ ಎಂದರೆ ದೊಡ್ಡ ಹರಿವಿನಲ್ಲಿ ನೆಟ್ಟಗೆ ಹೋಗಬೇಕಾದ್ದು. ಇಲ್ಲಿ ಅದು ಗಿರಕಿ ಹೊಡೆದು, ಪಂಚೆ ಎತ್ತಿಕೊಂಡು ದಾಟಬಹುದಾದ ಆಚೆಯ ಸಣ್ಣ ಕವಲಿಗೆ ಇಳಿದು, ಹೂವಿನಗಡ್ಡೆ ಎಂಬ ನಡುಗಡ್ಡೆಯನ್ನು ಈಚೆ ದಂಡೆಗೆ ಬಿಟ್ಟುಕೊಟ್ಟಿದೆ. ಎಷ್ಟೋ ಹೊಳೆ ದಾಟಿದ್ದೇನೆ, ಇಂಥ ಗಡಿ ಇನ್ನೊಂದು ಕಾಣಲಿಲ್ಲ.

ಹಿಂದೆ ಒಮ್ಮೆ ಎರಡು ದಂಡೆಯ ದೊರೆಗಳು ಹೊಳೆ ಹಂಚಿಕೊಳ್ಳಲು ಕೂತರು ಎನ್ನುತ್ತಾರೆ. ಹುಟ್ಟು ಹಾಕದೆ ಒಂದು ಹರಿಗೋಲು ಬಿಡುವುದು, ಅದು ತೇಲಿದ ದಾರಿಯೇ ಗಡಿ, ಆಮೇಲೆ ಗಡಿ ದಾಟಿದವರ ಹರಿಗೋಲು ಸುಡುವುದು ಎಂದು ಮಾತಾಯಿತು. ಬರಿಯ ಹರಿಗೋಲನ್ನು ಗಾಳಿ ಎತ್ತಿ ಒಗೆಯುತ್ತದೆ, ಭಾರಕ್ಕೆ ಯಾರಾದರೂ ಬೇಕು ಎಂದಾಗ ಈಚೆ ದಂಡೆಯ ಅಂಬಿಗರ ತಿಪ್ಪಮ್ಮ ಎದ್ದಳು. ಆಕೆಯಷ್ಟು ಭಾರದವರು ಎರಡು ದಂಡೆಯಲ್ಲೂ ಇರಲಿಲ್ಲವಂತೆ. ಆಕೆಯ ಮಗಳು ಬಾಲಮ್ಮನನ್ನು ಹೂವಿನಗಡ್ಡೆಗೆ ಕೊಟ್ಟಿತ್ತು, ಅವಳೀಗ ತುಂಬು ಬಸುರಿ, ಗಡ್ಡೆ ಆಚೆಯವರ ಪಾಲಾದರೆ ತಾಯಿ ಬಾಣಂತನಕ್ಕೆ ಹೋಗುವಂತಿಲ್ಲ ಎಂಬುದು ಮಾತ್ರ ದೊರೆಗಳಿಗೆ ಗೊತ್ತಿರಲಿಲ್ಲ.

ಕೈಯನ್ನು ನೀರಿಗೆ ತಾಗಿಸುವುದಿಲ್ಲ ಎಂದು ಆಣೆ ಮಾಡಿ ತಿಪ್ಪಮ್ಮ ಎಲೆಯಡಿಕೆ ಚೀಲದೊಂದಿಗೆ ಕೂತಳು. ಸೆಳವು ಹರಿಗೋಲನ್ನು ಈಚೆಯ ಆಳದ ಕವಲಿನ ಕಡೆಗೇ ಎಳೆಯಿತು; ಅತ್ತ ಹೋದರೆ ಗಡ್ಡೆ ಆಚೆಯವರದು. ಕವಲೊಡೆಯುವಲ್ಲಿ ಒಂದು ಸುಳಿ. ತಿಪ್ಪಮ್ಮ ಎಲೆಗೆ ಸುಣ್ಣ ಸವರುತ್ತ ಒಂದು ಮಗ್ಗುಲಿಗೆ ವಾಲಿದಳು. ಹರಿಗೋಲು ಸುಳಿಯಲ್ಲಿ ಗರಗರ ತಿರುಗಿತು. ದಂಡೆಯ ಮೇಲಿದ್ದ ಕರಣಿಕರು ಮಾತಿಗೆ ತಪ್ಪದೆ ಆ ಸುತ್ತನ್ನೂ ನಕಾಶೆಯಲ್ಲಿ ಬರೆದುಕೊಂಡರು. ಮೂರನೆಯ ಸುತ್ತಿಗೆ ಆಕೆ ಮೈಯೆಲ್ಲ ಒಮ್ಮೆ ಆಚೆ ಒಗೆದಳು. ಹರಿಗೋಲು ಸಣ್ಣ ಕವಲಿಗೆ ಜಾರಿತು.

ಆಚೆಯ ದೊರೆ ಕೆಂಡವಾದ. "ಏ ತಿಪ್ಪಮ್ಮ, ಆಣಿ ಮುರದಿ!"

"ಕೈ ಎಲ್ಲಿತ್ತು ದೊರಿ, ನೀನ ಹೇಳು."

"ಎಲಿಯಡಿಕ್ಯಾಗಿತ್ತು. ಆದರ ವಾಲಿ ಕುಂತಿದ್ದಿಯಲ್ಲ!"

"ಕೈದು ಆಣಿ ತಗೊಂಡಿ ನನ್ನಪ್ಪ, ಕುಂಡಿದು ತಗೊಂಡಿದ್ದೇನು?"

ಎರಡು ದಂಡೆಯೂ ಬಿದ್ದು ಬಿದ್ದು ನಕ್ಕಿತು. ಕಡೆಗೆ ಆ ದೊರೆಯೇ ಕಣ್ಣೊರೆಸಿಕೊಂಡು, ಸುತ್ತಿದ ಕಡೆ ಸುತ್ತಿಯೇ ಕಲ್ಲು ನೆಡಿ, ಸುತ್ತಿನ ಒಳಗಿನ ನೀರು ಇಬ್ಬರದೂ ಅಲ್ಲ, ಆ ಮುದುಕಿಯದು ಎಂದನಂತೆ. ಕೇಳಲು ಆಕೆ ಅಲ್ಲಿರಲಿಲ್ಲ. ಮಗಳ ಗುಡಿಸಲಿನಲ್ಲಿ ನೀರು ಕಾಯಿಸುತ್ತಿದ್ದಳು.

ಇವತ್ತಿಗೂ ಕೊಬ್ಬರಿ, ಶುಂಠಿಯ ಗಂಟು ಹೊತ್ತು ಮಗಳ ಬಾಣಂತನಕ್ಕೆ ಹೊರಟ ತಾಯಿಯನ್ನು ಅಂಬಿಗರು ಆ ಕಲ್ಲುಗಳ ನಡುವೆಯೇ ಕರೆದೊಯ್ಯುತ್ತಾರೆ. ನೋಡಲು ಬಂದ ಹೊಸಬರಿಗೂ ಅದೇ ದಾರಿ. ಒಳಗೆ ಹೋದೊಡನೆ ಅಂಬಿಗ ಹುಟ್ಟನ್ನು ನೀರಿನಿಂದ ಎತ್ತಿ, "ಕೈ ಮ್ಯಾಲೆ!" ಎನ್ನುತ್ತಾನೆ. ಕೂತವರೆಲ್ಲ ಕೈ ಎತ್ತುತ್ತಾರೆ, ಒಂದೇ ಮಗ್ಗುಲಿಗೆ ವಾಲುತ್ತಾರೆ.