ಶನಿವಾರ ಗಾಡಿ ಕಟ್ಟಿದ ಹಸಾಜಿ

ಬಹಳ ಹಿಂದೆ, ಹೊಳೆ ಕಡಲು ಸೇರುವ ಕಡೆ ಒಂದು ಊರಿತ್ತು. ಯಾವ ಊರು ಅಂತ ಕೇಳಬೇಡಿ, ನೀವು ಕೂತಿರುವುದೇ ಆ ಊರಲ್ಲಿ. ಎಷ್ಟು ಹಿಂದೆ ಅಂತಲೂ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಅವಳಿಗೆ ಇನ್ಯಾರೋ.

ಆ ಊರಿಗೆ ಬಡಗು ದಿಕ್ಕಿನಿಂದ ಹಾಯಿದೋಣಿಯಲ್ಲಿ ಒಬ್ಬ ಗಾಣದವನು ಬಂದನಂತೆ. ಹೆಸರು ಹಸಾಜಿ, ಹೆಂಡತಿ ರಿಬ್ಕಾಬಾಯಿ. ಯೆಹೂದಿಗಳು. ಊರವರ ಬಾಯಿಗೆ ಆ ಮಾತು ಹತ್ತಲಿಲ್ಲ, ಶನಿವಾರದವರು ಅಂದರು. ಯಾಕೆಂದರೆ ಆರು ದಿನ ಕಿರುಗುಟ್ಟುವ ಹಸಾಜಿಯ ಗಾಣ ಶನಿವಾರ ನಿಲ್ಲುತ್ತಿತ್ತು. ಅವನೂ ದುಡಿಯುತ್ತಿರಲಿಲ್ಲ, ಕೂಲಿಯಾಳಿಗೂ ಕೆಲಸ ಹೇಳುತ್ತಿರಲಿಲ್ಲ, ಎತ್ತನ್ನೂ ಕಟ್ಟುತ್ತಿರಲಿಲ್ಲ. ಎತ್ತಿಗೆಂಥ ರಜೆ ಅಂತ ಊರು ನಕ್ಕಿತು. ನಮ್ಮ ಹಿರಿಯರು ಕಡಲಾಚೆಯ ಮಿಸ್ರ ದೇಶದ ರಾಜನ ಜೀತಕ್ಕಿದ್ದರು, ಅಲ್ಲಿ ದಣಿವಾರಿಸಿಕೊಳ್ಳುವ ದಿನವೇ ಇರಲಿಲ್ಲ, ಅದನ್ನು ಮರೆಯಬಾರದು ಅಂತ ನಮಗೆ ಕಟ್ಟಪ್ಪಣೆ ಇದೆ ಅಂದನಂತೆ ಹಸಾಜಿ. ವರ್ಷಕ್ಕೊಮ್ಮೆ ಆ ಜೀತದ ನೆನಪಿಗೆ ಕಹಿ ಸೊಪ್ಪು ತಿಂದು ಆ ಕಥೆ ಹೇಳುತ್ತಿದ್ದನಂತೆ. ಹೇಳುವಾಗ ‘ಅವರು ಜೀತಕ್ಕಿದ್ದರು’ ಅನ್ನುತ್ತಿರಲಿಲ್ಲ, ‘ನಾವು ಜೀತಕ್ಕಿದ್ದೆವು’ ಅನ್ನುತ್ತಿದ್ದನಂತೆ.

ಹೊಳೆಯ ಈಚೆ ದಡವೆಲ್ಲ ಒಬ್ಬ ಒಡೆಯನದು. ಅವನ ಗದ್ದೆಯಲ್ಲಿ ಹೊನ್ನಿ ಅನ್ನುವ ಜೀತದ ಹೆಂಗಸಿದ್ದಳು. ಒಮ್ಮೆ ಓಡಿಹೋಗಿ ಸಿಕ್ಕಿಬಿದ್ದಾಗ ಅಂಗಾಲಿಗೆ ಬರೆ ಹಾಕಿದ್ದರು. ಇನ್ನೊಮ್ಮೆ ಓಡಿದರೆ ಕಾಲನ್ನೇ ಕಡಿಸುತ್ತೇನೆ ಅಂತ ಒಡೆಯ ಎಲ್ಲರೆದುರು ಹೇಳಿದ್ದ. ಆದರೂ ಓಡಿದಳು. ಒಂದು ಶನಿವಾರ ಬೆಳಿಗ್ಗೆ ಹಸಾಜಿಯ ಹಿತ್ತಲಿಗೆ ಬಂದು ಬಿದ್ದಳು. ಮುಂದೆ ಒಂದು ಹೆಜ್ಜೆ ನಡೆಯುವ ತ್ರಾಣ ಇರಲಿಲ್ಲ. ಹೊಳೆ ದಾಟಿದರೆ ಬೇರೆ ಸೀಮೆ, ಅಲ್ಲಿ ಒಡೆಯನ ಆಟ ನಡೆಯದು.

ಹಸಾಜಿ ಗರಬಡಿದವನ ಹಾಗೆ ನಿಂತನಂತೆ. ತಪ್ಪಿಸಿಕೊಂಡು ಬಂದ ಜೀತದಾಳನ್ನು ಒಡೆಯನಿಗೆ ಹಿಂದಕ್ಕೊಪ್ಪಿಸಬಾರದು, ಇದು ಅವರ ಗ್ರಂಥದ ಮಾತು. ಶನಿವಾರ ಎತ್ತನ್ನು ದುಡಿಸಬಾರದು, ಇದೂ ಅದೇ ಗ್ರಂಥದ ಮಾತು. ರಿಬ್ಕಾಬಾಯಿಯೇ ಕೊಟ್ಟಿಗೆಯ ಬಾಗಿಲು ತೆಗೆದಳು. ಜೀವ ಉಳಿಸುವುದಕ್ಕೆ ಶನಿವಾರ ಅಡ್ಡ ಬರುವುದಿಲ್ಲ, ಅದನ್ನೂ ನಮ್ಮ ಹಿರಿಯರೇ ಹೇಳಿದ್ದಾರೆ ಅಂದಳಂತೆ. ಹೊನ್ನಿಯನ್ನು ಹಿಂಡಿ ಚೀಲಗಳ ನಡುವೆ ಮಲಗಿಸಿ ಹಸಾಜಿ ಗಾಡಿ ಹೊಡೆದ.

ಇಲ್ಲಿಂದ ಮುಂದೆ ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. ದಾರಿಯ ಮಗ್ಗುಲಲ್ಲಿ ಬೀರಮ್ಮ ಅನ್ನುವವಳು ಅಂಗಳ ಗುಡಿಸುತ್ತಿದ್ದಳು. ಒಳ್ಳೆಯವಳೇ, ಬಾಯಿ ಮಾತ್ರ ಸುಮ್ಮನಿರದು. ಒಡೆಯನ ಆಳುಗಳು ಬಂದು, ಯಾರಾದರೂ ಈ ಕಡೆ ಹೋದರಾ ಅಂತ ಕೇಳಿದರು.

“ಮತ್ಯಾರೂ ಇಲ್ಲಪ್ಪ,” ಅಂತ ನಕ್ಕಳಂತೆ ಬೀರಮ್ಮ. “ನಮ್ಮ ಹಸಾಜಿ ಶನಿವಾರ ಗಾಡಿ ಕಟ್ಕಂಡು ದೋಣಿ ಕಡವಿಗೆ ಹೋದ. ಇವತ್ತು ಸೂರ್ಯ ಎಲ್ಲಿ ಹುಟ್ಟಿದ್ನೋ ಏನೋ.”

ಗಾಡಿಯೊಳಗೆ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿದವರಿಗೆ ಗೊತ್ತಾಯಿತು.

ಕಡವಿನಲ್ಲಿ ದೋಣಿ ಆಚೆ ದಡಕ್ಕೆ ಹೋಗಿತ್ತು. ಓಡಿ ಬರುವವರನ್ನು ಕಂಡು ಹಸಾಜಿ ನೊಗ ಕಳಚಿ ಹಿಡಿದು ಇಕ್ಕಟ್ಟಿನ ದಾರಿಗೆ ಅಡ್ಡ ನಿಂತ. ಹೊನ್ನಿ ತೆವಳಿಕೊಂಡು ನೀರಿಗಿಳಿದಳು. ನಡೆಯಲಾಗದಿದ್ದರೂ ಈಜು ಬರುತ್ತಿತ್ತು. ಬಂದವರು ನಾಲ್ವರು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು, ಈಗಿನವರು ನಲವತ್ತು ಅಂತಾರೆ. ಅವಳು ನಡು ಹೊಳೆ ಮುಟ್ಟುವವರೆಗೂ ಹಸಾಜಿ ನಿಂತೇ ಇದ್ದನಂತೆ. ಆಮೇಲೆ ಬಿದ್ದ, ಮತ್ತೆ ಏಳಲಿಲ್ಲ. ಹೊನ್ನಿ ದಾಟಿದಳು ಅಂತಾರೆ. ನೀರು ಎಳೆದುಕೊಂಡಿತು ಅಂತಲೂ ಅಂತಾರೆ. ಹಸಾಜಿಯ ಕೂಗು ಊರಿಗೆಲ್ಲ ಕೇಳಿಸಿತ್ತು. ಒಂದು ಮನೆಯ ಬಾಗಿಲೂ ತೆರೆಯಲಿಲ್ಲ. ಇದರಲ್ಲಿ ‘ಅಂತಾರೆ’ ಇಲ್ಲ, ಇದು ನಿಜ.

ಗಂಡನನ್ನು ಮಣ್ಣು ಮಾಡಿ, ಅವರ ಸೂತಕದ ಪದ್ಧತಿಯಂತೆ ಏಳು ದಿನ ನೆಲದ ಮೇಲೆ ಕೂತಿದ್ದು, ಎಂಟನೆಯ ದಿನ ರಿಬ್ಕಾಬಾಯಿ ಊರು ಬಿಟ್ಟಳು. ಹೋಗುವಾಗ ಬೀರಮ್ಮನ ಅಂಗಳದಲ್ಲಿ ನಿಂತಳು. ಬೀರಮ್ಮ ಕಾಲಿಗೆ ಬಿದ್ದು ಅತ್ತಳು. ರಿಬ್ಕಾಬಾಯಿ ಶಾಪ ಹಾಕಲಿಲ್ಲ.

“ಕೇಳ್ದವ್ರಿಗೆಲ್ಲ ಹೇಳ್ಲೇಬೇಕು ಅಂತ ಯಾರು ಹೇಳಿದ್ರು ತಂಗಿ?” ಅಂದಳಂತೆ, ಅಷ್ಟೇ.

ಬೀರಮ್ಮ ನಮ್ಮ ಮನೆತನದವಳು. ಸಾಯುವವರೆಗೂ ಮತ್ತೆ ಬಾಯಿ ಬಿಡಲಿಲ್ಲವಂತೆ.

ಇವತ್ತಿಗೂ ಈ ಊರಲ್ಲಿ ಯಾರಾದರೂ ಬಂದು, ಇಂಥವರು ಈ ದಾರಿಯಲ್ಲಿ ಹೋದರಾ ಅಂತ ಕೇಳಿದರೆ ನಾವು ಉತ್ತರ ಕೊಡುವುದಿಲ್ಲ. ಸೊಕ್ಕಿನ ಊರು ಅಂತಾರೆ ಹೊರಗಿನವರು. ಅನ್ನಲಿ. ಬಂದವನಿಗೆ ಚಾಪೆ ಹಾಸುತ್ತೇವೆ, ಬೆಲ್ಲ ನೀರು ಕೊಡುತ್ತೇವೆ. ಅವನು ಕುಡಿದು ಏಳುವಷ್ಟರಲ್ಲಿ, ಹೋಗುವವರು ಇನ್ನಷ್ಟು ದೂರ ಹೋಗಿರುತ್ತಾರೆ.