ಹುಡುಕಿ ಕೊಟ್ಟ ಎಲೆ

"ಗುರುಗಳೇ, ಆ ಮಾತು ನನ್ನ ಅಮ್ಮನದೋ, ಪ್ರೋಟೀನಿನದೋ?" ಎಂದು ಚಂಪಕಾ ಕೇಳಿದಳು.

ಗುರುಗಳು ಮೂವತ್ತು ವರ್ಷ ಮಿದುಳಿನ ರೋಗಗಳ ಪಾಠ ಹೇಳಿದವರು. ಚಂಪಕಾ ಅವರ ಕೊನೆಯ ಶಿಷ್ಯೆ. ಮರೆವಿನ ಕಾಯಿಲೆಯಿಂದ ಸತ್ತವರ ಮಿದುಳಿನ ತೆಳು ಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಅವಳ ಕೆಲಸ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಒಂದಕ್ಕೊಂದು ಅಂಟಿ, ಗಂಟುಗಟ್ಟಿ, ನರಕೋಶಗಳ ಒಳಗೂ ಹೊರಗೂ ತುಂಬಿಕೊಂಡಿರುವುದನ್ನು ಅವಳು ನೂರಾರು ಸಲ ಕಂಡಿದ್ದಳು. ಈಗ ಅದೇ ಕಾಯಿಲೆ ಅವಳ ಅಮ್ಮನಿಗೆ ಬಂದಿತ್ತು. ಅಮ್ಮ ಅಕ್ಕನ ಮನೆಯಲ್ಲಿದ್ದಳು. ಚಂಪಕಾ ನೋಡಲು ಹೋದಾಗ, "ನನ್ನ ಬಳೆ ಕದ್ದವಳು ಇವಳೇ, ಇವಳನ್ನ ಆಚೆ ಕಳಿಸು" ಎಂದು ಅಮ್ಮ ಕೂಗಿದ್ದಳು. ಅದಾಗಿ ಮೂರು ತಿಂಗಳು. ಚಂಪಕಾ ಮತ್ತೆ ಅತ್ತ ತಲೆ ಹಾಕಿರಲಿಲ್ಲ.

"ಪ್ರೋಟೀನಿನದು ಎಂದರೆ ನಾನು ಇಷ್ಟು ನೊಂದದ್ದು ದಂಡ. ಅಮ್ಮನದೇ ಎಂದರೆ ಇನ್ನು ಯಾವ ಮುಖ ಹೊತ್ತು ಹೋಗಲಿ?" ಎಂದಳು.

ಗುರುಗಳು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ವೀಳ್ಯದೆಲೆ ಮಾರುವವಳೊಬ್ಬಳಿದ್ದಳು. ಬೆಳಗಾದರೆ ಕಟ್ಟುಗಳನ್ನೆಲ್ಲ ಬಿಚ್ಚಿ, ಒಂದೊಂದೇ ಎಲೆಯನ್ನು ತಿರುವಿ ನೋಡಿ, ಚುಕ್ಕೆ ಬಿದ್ದದ್ದನ್ನು ತೆಗೆದೆಸೆದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ಅವಳ ಕ್ರಮ. ಕೊಳೆಯುವ ಎಲೆ ಹೊರಗಿನಿಂದ ಬಂದ ಶತ್ರುವಲ್ಲ. ಅದೂ ಅದೇ ಬಳ್ಳಿಯದು, ನಿನ್ನೆಯವರೆಗೆ ಹಸಿರಾಗಿಯೇ ಇದ್ದದ್ದು. ಒಂದಿದ್ದರೆ ಚಿಂತೆಯಿಲ್ಲ. ತೆಗೆಯದೆ ಬಿಟ್ಟರೆ ಮಗ್ಗುಲಿನ ಎಲೆಗೆ ತನ್ನ ಗುಣ ಕಲಿಸುತ್ತದೆ. ಅದು ತನ್ನ ಮಗ್ಗುಲಿನದಕ್ಕೆ. ಕೊನೆಗೆ ಬಿಡಿಸಲಾಗದ ಮುದ್ದೆಯಾಗುತ್ತದೆ. ನಿನಗೆ ಇದನ್ನು ನಾನು ಬೇರೆ ಹೇಳಬೇಕೇ, ದಿನಾ ನೋಡುವವಳು ನೀನು.

ಅವಳಿಗೆ ಒಬ್ಬ ಬಡಗಿಯ ಮೇಲೆ ಬಲು ಅಕ್ಕರೆ. ಬೇರೆ ಗಿರಾಕಿಗಳಿಗೆ ಮೇಲಿರುವ ಕಟ್ಟನ್ನು ಎತ್ತಿ ಕೊಡುವಳು. ಅವನು ಬಂದು ಕೈ ಚಾಚಿದರೆ ಮಾತ್ರ ಬುಟ್ಟಿಯ ಆಳಕ್ಕೆ ಕೈ ಹಾಕಿ, ಹುಡುಕಿ, ಎಳೆಯದೊಂದನ್ನು ಆರಿಸಿ ಅಂಗೈಯಲ್ಲಿ ಇಡುವಳು. ಉಳಿದವರಿಗೆ ಹೊಟ್ಟೆಕಿಚ್ಚು. ಪಡಲಿ ಬಿಡು.

ವಯಸ್ಸಾಯಿತು. ಎಲೆ ತಿರುವುವ ಕೈ ನಿಧಾನವಾಯಿತು. ಮೇಲಿನ ಕಟ್ಟುಗಳನ್ನು ನೋಡುವಷ್ಟರಲ್ಲಿ ಬಿಸಿಲೇರುತ್ತಿತ್ತು. ತಳದವು ಹಾಗೆಯೇ ಉಳಿದವು. ಹೀಗೆ ಎಷ್ಟೋ ವರ್ಷ ನಡೆಯಿತು. ಬುಟ್ಟಿ ನೋಡಿದವರಿಗೆ ಹಸಿರೇ ಕಾಣುತ್ತಿತ್ತು. ತಳದಲ್ಲಿ ಏನಾಗುತ್ತಿದೆ ಎಂದು ಅವಳಿಗೂ ತಿಳಿಯಲಿಲ್ಲ. ನಮ್ಮ ಬಳಿಗೆ ಬರುವ ರೋಗಿಗಳೂ ಮೇಲೆ ಹಸಿರಿರುವಷ್ಟು ದಿನ ಬರುವುದಿಲ್ಲವಲ್ಲ.

ಒಂದು ದಿನ ಬಡಗಿ ಅಂಗೈ ನೋಡಿಕೊಂಡ. ಕಪ್ಪಾಗಿ ಲೋಳೆ ಬಂದ ಎಲೆ. ಅವನಿಗೆ ಸಿಟ್ಟು ನೆತ್ತಿಗೇರಿತು.

"ಏನಮ್ಮಾ, ಇಷ್ಟು ವರ್ಷ ಬಂದವನಿಗೆ ಇದನ್ನಾ ಕೊಡೋದು?"

ಅವಳು ಗಾಬರಿಯಾಗಿ ಅವನ ಮುಖವನ್ನೇ ನೋಡಿದಳು. "ನಿಂಗೇ ಅಂತ ಹುಡುಕಿ ಕೊಟ್ಟೆ ಕಣಪ್ಪಾ" ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಕೈ ಎಂದಿನಂತೆಯೇ ಹುಡುಕಿತ್ತು. ಸಿಕ್ಕದ್ದು ಅದು.

ಬಡಗಿ ತಾನೇ ಬುಟ್ಟಿಗೆ ಕೈ ಹಾಕಿದ. ತಳದಲ್ಲಿ ಎಲೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕೊಳೆತದ್ದನ್ನು ಎಳೆದರೆ ಅದಕ್ಕೆ ಅಂಟಿದ ಹಸಿರೆಲೆಯೂ ಹರಿದು ಬರುತ್ತಿತ್ತು. ಮುರಿದ ಬಾಗಿಲು, ಕಾಲು ಹೋದ ಮಂಚ, ಏನು ಕೊಟ್ಟರೂ ಸರಿಮಾಡುತ್ತಿದ್ದ ಮನುಷ್ಯ ಅವನು. ಇದನ್ನು ಸರಿಮಾಡಲು ಆಗಲಿಲ್ಲ. ಅವಳ ಪಕ್ಕದಲ್ಲೇ ಕೂತು ಅತ್ತುಬಿಟ್ಟ.

ಮರುದಿನವೂ ಬಂದು ಕೈ ಚಾಚಿದ. ಅವಳು ಹುಡುಕಿ ಕೊಟ್ಟಳು. ಮತ್ತೆ ಕಪ್ಪೆಲೆ. "ಚೆನ್ನಾಗಿದೆಯಮ್ಮಾ" ಎಂದು ಹೇಳಿ, ತಿರುವು ದಾಟಿದ ಮೇಲೆ, ಅವಳಿಗೆ ಕಾಣದಂತೆ ಎಸೆದ. ಅದರ ಮರುದಿನವೂ ಅಷ್ಟೇ. ಅಪರೂಪಕ್ಕೆ ಒಂದು ದಿನ ಅವಳ ಕೈಗೆ ಹಸಿರೆಲೆ ಸಿಗುತ್ತಿತ್ತು. ಯಾವ ದಿನ ಸಿಗುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅದಕ್ಕೇ ಅವನು ದಿನವೂ ಹೋದ.

ಗುರುಗಳು ಕತೆ ನಿಲ್ಲಿಸಿದರು. ಚಂಪಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನು ಹೋದ ದಿನವೇ ಅಮ್ಮನಿಗೆ ನನ್ನ ಗುರುತು ಹತ್ತುತ್ತದೆ ಎಂದು ಏನು ಭರವಸೆ, ಗುರುಗಳೇ?"

"ಭರವಸೆ ಏನೂ ಇಲ್ಲ, ತಾಯಿ," ಎಂದರು ಗುರುಗಳು. "ಆದರೆ ಈ ಮೂರು ತಿಂಗಳಲ್ಲಿ ಹಸಿರೆಲೆ ಸಿಕ್ಕಿದ ದಿನ, ನಿನ್ನ ಅಮ್ಮ ಯಾರ ಅಂಗೈ ಹುಡುಕಿರಬಹುದು?"